ಸಮುದ್ರದಲ್ಲಿದ್ದ ನಮ್ಮ ಮನೆ

ನಮ್ಮ ಮನೆ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ, ಐದು ಮಹಡಿಯ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದೆ. ಆದರೆ ಮನೆಯೊಳಗಿನ ಹಳೆಯ ಕಂಪ್ಯೂಟರಿನ ಪ್ರಕಾರ ಅದು ಇರುವುದು ಅರಬ್ಬಿ ಸಮುದ್ರದಲ್ಲಿ, ರತ್ನಾಗಿರಿಯ ದಂಡೆಯಿಂದಲೂ ಪಶ್ಚಿಮಕ್ಕೆ ಎಷ್ಟೋ ದೂರ, ನೀರಿನ ಮೇಲೆ. ಅದನ್ನು ಅಲ್ಲಿ ಇಟ್ಟವರು ನಮ್ಮವರು, ಅಂದರೆ ನನ್ನ ಗಂಡ. ಅವರು ತೀರಿಕೊಂಡ ಮೇಲೆ ಅದನ್ನು ಅಲ್ಲಿಂದ ಎತ್ತಿ ತಂದು ಹೈದರಾಬಾದಿನಲ್ಲಿ ಕೂರಿಸಿದವಳು ನಾನು. ಆ ಜಾಣತನದಿಂದ ನಮ್ಮತ್ತೆಯ ಜೀವಕ್ಕೇ ಸಂಚಕಾರ ಬಂದಿತ್ತು.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಾನು ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆ ಉಪಕರಣಗಳ ಪರೀಕ್ಷಾ ವಿಭಾಗದಲ್ಲಿದ್ದೆ. ಮೀಟರು, ಗೇಜು, ಥರ್ಮಾಮೀಟರು ಯಾವುದೇ ಬರಲಿ, ಅದು ಎಷ್ಟು ಸುಳ್ಳು ಹೇಳುತ್ತದೆಂದು ಪತ್ತೆ ಮಾಡುವುದು ನನ್ನ ಕೆಲಸ. ಅಲ್ಲಿ ಒಂದು ಪದ್ಧತಿಯಿತ್ತು. ತಪ್ಪು ತೋರಿಸುವ ಉಪಕರಣ ಕಂಡ ಕೂಡಲೇ ಅದರ ತಿರುಪಿಗೆ ಕೈ ಹಾಕುವಂತಿಲ್ಲ. ಎಷ್ಟು ತಪ್ಪು ಎಂದು ಚೀಟಿ ಬರೆದು ಅದರ ಮೈಮೇಲೆ ಅಂಟಿಸಬೇಕು. ಬಳಸುವವರು ಚೀಟಿ ನೋಡಿ ಅಷ್ಟನ್ನು ಕೂಡಿಯೋ ಕಳೆದೋ ಓದಿಕೊಳ್ಳಬೇಕು. ಕಾರ್ಖಾನೆಯಲ್ಲಿ ಈ ಪದ್ಧತಿಯನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಮನೆಗೆ ಬಂದರೆ ಮಾತ್ರ ಚೀಟಿಯೂ ಇಲ್ಲ, ತಾಳ್ಮೆಯೂ ಇಲ್ಲ. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಸ್ಟೂಲು ಹತ್ತುವುದು, ನಮ್ಮವರು ಹೊಡೆದ ಮೊಳೆ ವಾರೆಯಾಗಿದ್ದರೆ ಕಿತ್ತು ಮತ್ತೆ ಹೊಡೆಯುವುದು, ಇದೇ ನನ್ನ ಸಂಸಾರ. "ನಿನ್ನ ಕಣ್ಣಾಗ ಏನ ಸ್ಕೇಲ್ ಇಟ್ಟಾರೇನ?" ಎಂದು ಅವರು ನಗುತ್ತಿದ್ದರು.

ಆ ಕಂಪ್ಯೂಟರನ್ನು ಅವರು ಕೊಂಡದ್ದು ಬಾಗಿಲು ಹಾಕುತ್ತಿದ್ದ ಒಂದು ಕೋಚಿಂಗ್ ಸೆಂಟರಿನಿಂದ. ಆಗಲೇ ಅದು ಹಳೆಯದು. ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುತ್ತಿತ್ತು. ಇಂಟರ್‌ನೆಟ್ಟೂ ಇಲ್ಲ, ಹಾಡೂ ಇಲ್ಲ. ನಾಂಪಲ್ಲಿಯ ಜನವರಿ ಪ್ರದರ್ಶನದ ಯಾವುದೋ ಮೂಲೆಯ ಅಂಗಡಿಯಲ್ಲಿ ಅವರಿಗೆ ಎರಡು ಫ್ಲಾಪಿ ಸಿಕ್ಕವು. ನಾನು ಅಲ್ಲಿ ಬೆಡ್‌ಶೀಟಿನ ಬೆಲೆ ಇಳಿಸುತ್ತ ನಿಂತಿದ್ದಾಗ ಅವರು ಅವನ್ನು ಜೇಬಿಗಿಳಿಸಿದ್ದರು. ಒಂದರಲ್ಲಿ ಜಗತ್ತಿನ ಆರು ಊರುಗಳ ಸಮಯ ತೋರಿಸುವ ಗಡಿಯಾರ, ಇನ್ನೊಂದರಲ್ಲಿ ಆಕಾಶ. ಯಾವ ದಿನ, ಯಾವ ಊರು ಎಂದು ಬರೆದುಕೊಟ್ಟರೆ ಸೂರ್ಯ ಚಂದ್ರರು ಎಷ್ಟು ಗಂಟೆಗೆ ಹುಟ್ಟುತ್ತಾರೆ, ಯಾವ ಗಳಿಗೆಯಲ್ಲಿ ಎಷ್ಟು ಡಿಗ್ರಿ ಎತ್ತರದಲ್ಲಿರುತ್ತಾರೆ ಎಂದೆಲ್ಲ ಅದು ಹೇಳುತ್ತಿತ್ತು. ಕೆಲಸದಿಂದ ಬಂದು ಚಹಾ ಕುಡಿಯುತ್ತ, "ಟೋಕಿಯೋದಾಗ ಎಲ್ಲಾರೂ ಮಲಗ್ಯಾರ ನೋಡು," ಎಂದು ಅವರು ಪರದೆಯೊಡನೆ ಮಾತಾಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಆ ಆಟದ ಸಾಮಾನಿಗೆ ಒಂದು ನಿಜವಾದ ಕೆಲಸ ಸಿಕ್ಕಿದ್ದು ನಮ್ಮತ್ತೆ ವಿಜಯಪುರದಿಂದ ನಮ್ಮ ಜೊತೆ ಇರಲು ಬಂದ ಮೇಲೆ. ಅತ್ತೆ ಪ್ರತಿ ತಿಂಗಳೂ ಸಂಕಷ್ಟಿ ಹಿಡಿಯುವವರು. ದಿನವಿಡೀ ಉಪವಾಸ, ಸಂಜೆ ಗಣಪತಿಗೆ ಪೂಜೆ, ಚಂದ್ರ ಕಂಡ ಮೇಲೆ ಊಟ. ಚಂದ್ರೋದಯದ ಸಮಯ ನೋಡುವುದು ಊರಿನಿಂದ ತಂದ ಕ್ಯಾಲೆಂಡರಿನಲ್ಲಿ. ಬಂದ ಮೊದಲ ತಿಂಗಳು ಆ ಕ್ಯಾಲೆಂಡರಿನ ಹೊತ್ತಿಗೆ ಸರಿಯಾಗಿ ತಾರಸಿಯ ಗಚ್ಚಿನ ಮೇಲೆ ಹೋದರೆ ಚಂದ್ರ ಆಗಲೇ ಮೇಲೇರಿ ಕೂತಿದ್ದ. ಅತ್ತೆಗೆ ಅದು ದೊಡ್ಡ ಅವಮಾನವಾಯಿತು. "ಇಲ್ಲಿ ಚಂದ್ರಗ ಶಿಸ್ತ ಇಲ್ಲೇನಪಾ? ಹೇಳಿದ ಟೈಮಿಗಿಂತ ಮೊದಲ ಬಂದಾನ!" ಎಂದರು. ಅದು ವಿಜಯಪುರದ ಸಮಯ, ಹೈದರಾಬಾದು ಅದರ ಪೂರ್ವಕ್ಕಿದೆ, ಇಲ್ಲಿ ಹತ್ತು ಹನ್ನೊಂದು ನಿಮಿಷ ಮುಂಚೆಯೇ ಹುಟ್ಟುತ್ತಾನೆ ಎಂದು ನಮ್ಮವರು ವಿವರಿಸಿ, ಆವತ್ತೇ ತಮ್ಮ ಕಂಪ್ಯೂಟರ್ ಡಬ್ಬಿಯಿಂದ ಮುಂದಿನ ತಿಂಗಳ ಸಮಯ ತೆಗೆದುಕೊಟ್ಟರು. ಪಕ್ಕದ ಅಪಾರ್ಟ್‌ಮೆಂಟಿನ ಹೊಸ ನೀರಿನ ಟ್ಯಾಂಕು ಕೆಲವು ತಿಂಗಳ ಮೇಲೆ ಎದ್ದು ಅಡ್ಡ ಬಂದಾಗ, ಕೋನಮಾಪಕಕ್ಕೆ ದಾರ ಕಟ್ಟಿ ಅದರ ಎತ್ತರವನ್ನೂ ಅಳೆದರು. ನಾಲ್ಕು ಡಿಗ್ರಿ. ಚಂದ್ರ ಅಷ್ಟು ಏರಲು ಹದಿನೇಳು ನಿಮಿಷ. ಹೀಗೆ ಅತ್ತೆಯ ಸಂಕಷ್ಟಿ ಮಗನ ಡಬ್ಬಿಯ ಮೇಲೆ ನಡೆಯತೊಡಗಿತು.

ನಮ್ಮವರು ಹೋಗಿ ನಾಲ್ಕು ವರ್ಷವಾಯಿತು. ಅವರು ಹೋದ ಮೇಲೆ ಡಬ್ಬಿಯ ಕೆಲಸ ನನ್ನ ಪಾಲಿಗೆ ಬಂತು. ಅದರೊಳಗಿನ ಬ್ಯಾಟರಿ ಸತ್ತು, ಪ್ರತಿ ಸಲ ಎದ್ದಾಗಲೂ ಅದು ಸಾವಿರದ ಒಂಬೈನೂರ ಎಂಬತ್ತನೇ ಇಸವಿಗೇ ಏಳುತ್ತದೆ. ಇವತ್ತಿನ ತಾರೀಖು, ಗಂಟೆ ಎಲ್ಲ ಕೈಯಾರೆ ಕೊಡಬೇಕು. ಅದೂ ಅಮೆರಿಕದವರ ರೀತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಫೋನಿನಲ್ಲಿ ನೋಡಿದರೆ ಮುಗಿಯಿತಲ್ಲ ಎಂದು ಮಿಯಾಪುರದಲ್ಲಿರುವ ನನ್ನ ನಾದಿನಿ ಎಷ್ಟೋ ಸಲ ಹೇಳಿದ್ದಳು. ಅತ್ತೆ ಒಪ್ಪಲಿಲ್ಲ. "ನನ್ನ ಮಗ ಇಟ್ಟ ಹೋದ ಟೈಮ ನನಗ ಸಾಕು," ಎಂದರು. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ತಿಂಗಳಿಗೊಮ್ಮೆ ಆ ಗಿರಣಿ ಸದ್ದು ಕೇಳಿದರೆ, ಅವರು ಒಳಗಿನ ಕೋಣೆಯಲ್ಲಿ ಕೂತಿದ್ದಾರೇನೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅದರಲ್ಲಿ ಏನೋ ಹುಡುಕುತ್ತಿದ್ದಾಗ ಊರಿನ ವಿವರದ ಪುಟ ತೆರೆಯಿತು. ನಮ್ಮ ಊರಿನ ರೇಖಾಂಶ ಎಪ್ಪತ್ತೊಂದು ಎಂದು ಅಲ್ಲಿತ್ತು. ಹೈದರಾಬಾದಿನದು ಎಪ್ಪತ್ತೆಂಟೂವರೆ ಎಂಬುದು ನನಗೆ ಗೊತ್ತು. ನಕ್ಷೆ ತೆಗೆದು ನೋಡಿದರೆ ಎಪ್ಪತ್ತೊಂದರಲ್ಲಿ ಬರೀ ನೀರು! ಇಷ್ಟು ವರ್ಷ ಸಮುದ್ರದಲ್ಲಿ ಸಂಸಾರ ಮಾಡಿದೆವಲ್ಲ ಎಂದು ನಕ್ಕು, ಅವರ ಇನ್ನೊಂದು ವಾರೆ ಮೊಳೆ ಸಿಕ್ಕಿತೆಂಬ ಖುಷಿಯಲ್ಲಿ, ಎಪ್ಪತ್ತೆಂಟೂವರೆ ಎಂದು ತಿದ್ದಿದೆ. ಯಾಕೆ ಹೀಗಿದೆ ಎಂದು ಒಂದು ಕ್ಷಣವೂ ಕೇಳಿಕೊಳ್ಳಲಿಲ್ಲ. ಮೂವತ್ತು ವರ್ಷ ಬೇರೆಯವರಿಗೆ ಹೇಳಿದ ಪಾಠ ನನಗೇ ನೆನಪಾಗಲಿಲ್ಲ.

ಮುಂದಿನ ಸಂಕಷ್ಟಿಗೆ ಡಬ್ಬಿ ಚಂದ್ರೋದಯ ಎಂಟು ಹನ್ನೆರಡಕ್ಕೆ ಎಂದಿತು. ಟ್ಯಾಂಕಿನ ಹದಿನೇಳು ನಿಮಿಷ ಸೇರಿಸಿದರೆ ಎಂಟು ಇಪ್ಪತ್ತೊಂಬತ್ತು. ಊರಿನ ಕ್ಯಾಲೆಂಡರಿಗೂ ಇದಕ್ಕೂ ಯಾವತ್ತಿಗಿಂತ ಹೆಚ್ಚು ವ್ಯತ್ಯಾಸ ಕಂಡಿತು. ಈಗ ಇದು ಸರಿಯಾಗಿದೆ, ಮೊದಲೇ ತಪ್ಪಿತ್ತು ಎಂದುಕೊಂಡೆ. ಅತ್ತೆಗೆ ಆಗ ಎಂಬತ್ತೊಂದು ವರ್ಷ, ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಗುಳಿಗೆ ನುಂಗಬೇಕು. ಎಂಟಕ್ಕೆ ಸರಿಯಾಗಿ ಗುಳಿಗೆ ಕೊಟ್ಟು, ಲಿಫ್ಟಿನಲ್ಲಿ ಗಚ್ಚಿನ ಮೇಲೆ ಕರೆದುಕೊಂಡು ಹೋದೆ. ತಾಟಿನಲ್ಲಿ ಎರಡು ಮೋದಕ, ಅನ್ನ, ಮೊಸರು, ಹೆಸರುಕಾಳು ಪಲ್ಯ.

ಎಂಟೂವರೆಯಾಯಿತು, ಚಂದ್ರನಿಲ್ಲ. ಎಂಟು ನಲವತ್ತಾಯಿತು. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಒಂದು ತುತ್ತು ತಿನ್ನಿರಿ ಅಂದೆ. "ಕಂಡ ಮ್ಯಾಲ ತಿಂತೀನಿ. ಬರತಾನ ತಡಿ," ಅಂದರು. ಮಾತು ತೊದಲುತ್ತಿತ್ತು. ಕೈ ಹಿಡಿದರೆ ತಣ್ಣಗೆ, ಬೆವರಿನಿಂದ ತೊಯ್ದಿತ್ತು. ನೋಡನೋಡುತ್ತಿದ್ದಂತೆ ಕುರ್ಚಿಯಲ್ಲೇ ವಾಲಿದರು. ಮೋದಕ ಒಡೆದು ಒಳಗಿನ ಬೆಲ್ಲವನ್ನು ಅವರ ಒಸಡಿಗೆ ಒತ್ತಿದೆ. ಅವರು ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದರು. ನಾನು ಬಿಡಲಿಲ್ಲ. ಬೆಲ್ಲ ಕರಗಿ ಗಂಟಲಿಗೆ ಇಳಿದು, ಕಣ್ಣು ತೆರೆಯುವ ಹೊತ್ತಿಗೆ ಟ್ಯಾಂಕಿನ ಹಿಂದಿನಿಂದ ಚಂದ್ರ ಬಂದ. ಎಂಟು ಐವತ್ತೊಂಬತ್ತು. ಅತ್ತೆ ಅವನನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಅರವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಉಪವಾಸ ಮುರಿದಿತ್ತು.

ಮರುದಿನ ನಾದಿನಿ ಮೊದಲ ಮೆಟ್ರೋ ಹಿಡಿದು ಬಂದಳು. ಮೂವರೂ ಡಾಕ್ಟರರ ಹತ್ತಿರ ಹೋದೆವು. ತೆಲುಗಿನ ಆ ಹೆಣ್ಣುಮಗಳು ಅತ್ತೆಯ ಕೈ ಹಿಡಿದು, "ಅಮ್ಮಾ, ಈ ವಯಸುಲೋ ಉಪವಾಸಂ ಎಂದುಕಮ್ಮಾ?" ಎಂದರು. ಈ ವಯಸ್ಸಿನಲ್ಲಿ ಉಪವಾಸ ಯಾಕೆ ಎಂದು ಅವರ ಪ್ರಶ್ನೆ. ನಾದಿನಿಯೇ ತೀರ್ಪು ಕೊಟ್ಟಳು. "ಇನ್ನ ಸಂಕಷ್ಟಿ ಬಂದ್. ವೈನಿ, ಆ ಡಬ್ಬಿನ್ನ ಮೊದಲ ರದ್ದಿಯವಗ ಕೊಡ್ರಿ. ಅಣ್ಣನ ಕಳಕೊಂಡೀವಿ, ಅವ್ವನ್ನ ಕಳಕೊಳ್ಳೂದು ನನ್ನ ಕೈಲೆ ಆಗೂದಿಲ್ಲ," ಎಂದು ಅತ್ತುಬಿಟ್ಟಳು. ನಾನು ಹಿಂದಿನ ರಾತ್ರಿಯೇ ಫೋನಿನಲ್ಲಿ ನೋಡಿದ್ದೆ. ಚಂದ್ರೋದಯ ಎಂಟು ನಲವತ್ತೆರಡಕ್ಕೆ. ಡಬ್ಬಿ ಸರಿಯಾಗಿ ಅರ್ಧ ಗಂಟೆ ಮುಂಚೆ ಹೇಳಿತ್ತು. ನಾನು ಊರು ತಿದ್ದಿದ್ದಕ್ಕೂ ಇದಕ್ಕೂ ಸಂಬಂಧವಿರಬೇಕೆಂದು ಒಳಗೊಳಗೇ ಗೊತ್ತಿತ್ತು. ಆದರೂ, "ಹಳೇ ಮಷೀನು, ಕೆಟ್ಟೈತಿ," ಎಂದೆ. ತಪ್ಪು ಮಷೀನಿನ ಮೇಲೂ ಅತ್ತೆಯ ಹಟದ ಮೇಲೂ ಹೋಯಿತು. ನಾನು ನುಣುಚಿಕೊಂಡೆ.

ಅತ್ತೆ ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊಟ್ಟ ಹೊತ್ತಿಗೆ ಉಂಡರು, ಕೊಟ್ಟ ಗುಳಿಗೆ ನುಂಗಿದರು. ಹೊಸ ತಿಂಗಳು ಬಂದರೂ ಕ್ಯಾಲೆಂಡರಿನ ಹಾಳೆ ಮಾತ್ರ ತಿರುವಲಿಲ್ಲ. ದಿನಾ ಸ್ನಾನವಾದ ಕೂಡಲೇ ಅದರ ಮುಂದೆ ನಿಂತು ತಿಥಿ ಓದುವ ಮುದುಕಿ, ಈಗ ಅದರ ಮುಂದೆಯೇ ಹಾದು ಅಡುಗೆಮನೆಗೆ ಹೋಗುತ್ತಿದ್ದರು. ಹಿಂದಿನ ತಿಂಗಳು ಹಾಗೇ ಗೋಡೆಯ ಮೇಲೆ ನೇತಾಡುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ತಿರುವಲು ಧೈರ್ಯವೂ ಇರಲಿಲ್ಲ.

ಒಂದು ಶನಿವಾರ ಡಬ್ಬಿಯನ್ನು ರದ್ದಿಗೆ ಹಾಕಲೆಂದೇ ವೈರುಗಳನ್ನು ಬಿಚ್ಚಿದೆ. ಫ್ಲಾಪಿಗಳಿದ್ದ ಪೆಟ್ಟಿಗೆ ಖಾಲಿ ಮಾಡುವಾಗ ಆಕಾಶದ ಫ್ಲಾಪಿಯ ಕಾಗದದ ಚೀಲದೊಳಗಿಂದ ಮಡಚಿದ ಒಂದು ಚೀಟಿ ಬಿತ್ತು. ನಮ್ಮವರ ಕೈಬರಹ. "ಈ ಪ್ರೋಗ್ರಾಮಿಗೆ ಅರ್ಧ ಗಂಟೆ ಗೊತ್ತಿಲ್ಲ. ನಮ್ಮದು ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ. ಇದು ಐದು ಇಲ್ಲವೇ ಆರು ಮಾತ್ರ ತಗೊಳ್ಳುತ್ತದೆ. ಐದು ಕೊಟ್ಟರೆ ಎಲ್ಲ ಅರ್ಧ ಗಂಟೆ ಮುಂಚೆ ಹೇಳುತ್ತದೆ. ಅದಕ್ಕೇ ಊರನ್ನು ಏಳೂವರೆ ಡಿಗ್ರಿ ಪಶ್ಚಿಮಕ್ಕೆ ಸರಿಸಿದ್ದೇನೆ, ಅಲ್ಲಿ ಚಂದ್ರ ಅರ್ಧ ಗಂಟೆ ತಡವಾಗಿ ಹುಟ್ಟುವುದರಿಂದ ಆ ಮುಂಚಿನ ಅರ್ಧ ಗಂಟೆ ಸರಿಹೋಗುತ್ತದೆ. ಎಪ್ಪತ್ತೊಂದು. ತಪ್ಪಲ್ಲ. ತಿದ್ದುವ ಮುಂಚೆ ನನ್ನನ್ನು ಕೇಳು."

ಆ ಕೊನೆಯ ಸಾಲು ಯಾರಿಗೆ ಬರೆದದ್ದೆಂದು ಬೇರೆ ಹೇಳಬೇಕೇ? ನಮ್ಮ ಮನೆಯಲ್ಲಿ ತಿದ್ದುವವಳು ನಾನೊಬ್ಬಳೇ. ನನ್ನ ವಿಭಾಗದ ಪದ್ಧತಿಯಂತೆಯೇ ಅವರು ಚೀಟಿ ಬರೆದಿದ್ದರು. ಮಷೀನಿನ ಮೈಮೇಲೆ ಅಂಟಿಸುವುದು ಬಿಟ್ಟು ಚೀಲದೊಳಗೆ ತುರುಕಿದ್ದು ಮಾತ್ರ ಅವರ ಅವ್ಯವಸ್ಥೆ. ನೆಲದ ಮೇಲೆ ಕೂತು, ಅವರನ್ನು ಬೈಯುತ್ತ, ಅತ್ತುಬಿಟ್ಟೆ. ಕೇಳು ಅಂದರೆ ಈಗ ಎಲ್ಲಿ ಹುಡುಕಿಕೊಂಡು ಹೋಗಿ ಕೇಳಲಿ? ಆಮೇಲೆ ಎದ್ದು, ಬಿಚ್ಚಿದ ವೈರುಗಳನ್ನು ಮತ್ತೆ ಸಿಕ್ಕಿಸಿದೆ.

ಮರುದಿನ ಭಾನುವಾರ. ನಾದಿನಿ ಎಣ್ಣೆಗಾಯಿ ಕಟ್ಟಿಕೊಂಡು ಬಂದಿದ್ದಳು. ರೊಟ್ಟಿ ಊಟ ನಡೆದಿತ್ತು. ಚೀಟಿಯನ್ನು ಇಬ್ಬರ ನಡುವೆ ಇಟ್ಟು ಎಲ್ಲ ಹೇಳಿದೆ. ಮಷೀನು ಕೆಟ್ಟಿರಲಿಲ್ಲ, ನಾನೇ ಕೆಡಿಸಿದ್ದು; ಗೊತ್ತಿದ್ದೂ ಸುಳ್ಳು ಹೇಳಿದೆ; ಅತ್ತೆಯ ಹಟದಿಂದ ಏನೂ ಆಗಿರಲಿಲ್ಲ. ನಾದಿನಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ವೈನಿ, ಅವ್ವ ಸತ್ತಿದ್ರ?" ಎಂದಳು. ನಾನು ತಲೆ ತಗ್ಗಿಸಿದೆ.

ಅತ್ತೆ ಚೀಟಿ ಎತ್ತಿಕೊಂಡು ಕನ್ನಡಕ ಹಾಕಿ ಓದಿದರು. ಮಗನ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಅಂದ್ರ ಇಷ್ಟ ವರ್ಷ ನಾವು ಸಮುದ್ರದಾಗ ಇದ್ದೀವಿ?" ಎಂದು ಕೇಳಿದರು. ಹೌದೆಂದೆ. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ, ನಗುತ್ತಿದ್ದರು. "ಮೂವತ್ತ ವರ್ಷ ಅವನ ತಪ್ಪ ತಿದ್ದಿದಿ. ಒಂದ ಸರ್ತಿ ಅವ ನಿಂದ ತಿದ್ದಲಿ ಬಿಡವಾ," ಎಂದರು. ಮಗಳ ಕಡೆ ತಿರುಗಿ, "ನೀನೂ ಕೇಳು. ನಾ ದೇವರಿಗಂಜಿ ಇದನ್ನ ಮಾಡಾಕತ್ತಿಲ್ಲ. ಹೊಸದಾಗಿ ಲಗ್ನಾಗಿ ಬಂದಾಗ ಹದಿನಾಲ್ಕ ಮಂದಿಯ ಮನಿ. ಸಂಕಷ್ಟಿ ದಿನ ಅಷ್ಟ ನನ್ನ ಮಾಳಗಿ ಮ್ಯಾಲ ಒಬ್ಬಾಕಿನ್ನ ಬಿಡತಿದ್ರು, ಚಂದ್ರನ್ನ ನೋಡಿ ಬಾ ಅಂತ. ತಿಂಗಳಿಗೊಮ್ಮೆ ಅರ್ಧ ತಾಸು. ಯಾರೂ ಕರೀತಿದ್ದಿಲ್ಲ, ಏನೂ ಕೇಳತಿದ್ದಿಲ್ಲ. ಆ ಅರ್ಧ ತಾಸಿನ್ನ ನೀ ಕಸಗೋಬ್ಯಾಡ," ಎಂದರು. ನಾದಿನಿ ಕಣ್ಣೊರೆಸಿಕೊಂಡು, ಡಾಕ್ಟರು ಏನಂತಾರ ಕೇಳೋಣ ಅಂದಳು. ಅಷ್ಟು ಸಾಕಿತ್ತು.

ಡಾಕ್ಟರು ಪೂರ್ತಿ ಕಥೆ ಕೇಳಿ ನಕ್ಕರು, ಆಮೇಲೆ ಗಂಭೀರವಾಗಿ ಷರತ್ತು ಹಾಕಿದರು. ಆ ದಿನ ಬೇರೆ ಗುಳಿಗೆ, ಅದೂ ಮೊದಲ ತುತ್ತಿನ ಜೊತೆಗೇ, ಮುಂಚೆ ಅಲ್ಲ. ಮಧ್ಯಾಹ್ನ ಮತ್ತು ಸಂಜೆ ಫಳಾರ ತಪ್ಪುವಂತಿಲ್ಲ. ಒಂಬತ್ತರೊಳಗೆ ಚಂದ್ರ ಕಾಣದಿದ್ದರೆ ಕಾಯುವಂತಿಲ್ಲ. ಅತ್ತೆ ಮೂರಕ್ಕೂ ತಲೆಯಾಡಿಸಿದರು. ನಾದಿನಿ ನಾಲ್ಕನೆಯದನ್ನು ಸೇರಿಸಿದಳು. ವೈನಿಯ ಡಬ್ಬಿ ಮೊದಲು ಪರೀಕ್ಷೆ ಪಾಸಾಗಬೇಕು.

ಹುಣ್ಣಿಮೆಯಿಂದ ಸಂಕಷ್ಟಿಯವರೆಗೆ ಚಂದ್ರ ದಿನಾ ಸಂಜೆ ಮುಕ್ಕಾಲು ಗಂಟೆಯಷ್ಟು ತಡವಾಗಿ ಹುಟ್ಟುತ್ತಾನೆ. ಊರನ್ನು ಮತ್ತೆ ಸಮುದ್ರಕ್ಕೆ ಇಳಿಸಿ, ಹುಣ್ಣಿಮೆಯ ಸಂಜೆಯಿಂದಲೇ ನಮ್ಮವರ ಕೋನಮಾಪಕ ಹಿಡಿದು ಗಚ್ಚಿನ ಮೇಲೆ ನಿಂತೆ. ಒಣಗಿದ ಬಟ್ಟೆ ತೆಗೆಯಲು ಬಂದ ವಾಚ್‌ಮನ್ನನ ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಮೊದಲ ದಿನ ಹೇಳಿದ್ದಕ್ಕೂ ಕಂಡದ್ದಕ್ಕೂ ಒಂದು ನಿಮಿಷದ ವ್ಯತ್ಯಾಸ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಲಿಫ್ಟಿನ ಬಾಗಿಲು ತೆರೆದು ಅತ್ತೆ ಬಂದರು, ಕೈಯಲ್ಲಿ ತಮ್ಮ ಕುರ್ಚಿಯ ದಿಂಬು ಹಿಡಿದು. ಕೆಳಗೆ ಬಂದ ಮೇಲೆ ನೋಡಿದರೆ ಕ್ಯಾಲೆಂಡರಿನ ಹಾಳೆ ತಿರುಗಿತ್ತು.

ಸಂಕಷ್ಟಿಯ ಸಂಜೆ ನಾದಿನಿ ಗ್ಲೂಕೋಸ್ ಪುಡಿ, ಸಕ್ಕರೆ ಅಳೆಯುವ ಯಂತ್ರ ಎಲ್ಲ ಚೀಲಕ್ಕೆ ತುಂಬಿಕೊಂಡು ಯುದ್ಧಕ್ಕೆ ಬಂದವಳ ಹಾಗೆ ಬಂದಳು. ಡಬ್ಬಿಯ ಲೆಕ್ಕದಂತೆ ಚಂದ್ರ ಟ್ಯಾಂಕು ದಾಟಬೇಕಾದದ್ದು ಎಂಟು ನಲವತ್ತೇಳಕ್ಕೆ. ಮೂವರೂ ಟ್ಯಾಂಕಿನತ್ತ ಮುಖ ಮಾಡಿ ಕೂತೆವು. ಅಷ್ಟು ವರ್ಷಗಳ ನೌಕರಿಯಲ್ಲಿ ಯಾವ ಉಪಕರಣದ ಮುಂದೆಯೂ ನಾನು ಹಾಗೆ ಹೆದರಿರಲಿಲ್ಲ. ನಾದಿನಿ ಫೋನು ಹಿಡಿದು ನಿಮಿಷ ಎಣಿಸುತ್ತಿದ್ದಳು. ನಲವತ್ನಾಲ್ಕು, ನಲವತ್ತೈದು. ನಲವತ್ತಾರು ಅನ್ನುವುದಕ್ಕೂ ಟ್ಯಾಂಕಿನ ಅಂಚು ಹಳದಿಯಾಗಿ, ಚಂದ್ರನ ತುದಿ ಮೇಲೆದ್ದಿತು.

"ಒಂದ ನಿಮಿಷ ಮೊದಲ ಬಂದ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಅರ್ಘ್ಯ ಕೊಟ್ಟು, ಮೊದಲ ತುತ್ತು ಬಾಯಿಗಿಟ್ಟು, ಜೊತೆಗೇ ಗುಳಿಗೆ ನುಂಗಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಇನ್ನ ಕೆಳಗ ಹೋಗ್ರಿ. ನನ್ನ ಅರ್ಧ ತಾಸು ಐತಿ," ಎಂದರು. ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಲಿಫ್ಟಿನ ಹತ್ತಿರದ ಮೆಟ್ಟಿಲ ಮೇಲೆ, ಅವರಿಗೆ ಕಾಣದ ಹಾಗೆ, ಇಬ್ಬರೂ ಅರ್ಧ ಗಂಟೆ ಕೂತಿದ್ದೆವು. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ಎಳೆದುಕೊಂಡಳು.

ಕೆಳಗೆ ಬಂದು ಆ ಒಂದು ನಿಮಿಷದ ಬಗ್ಗೆ ಯೋಚಿಸಿದೆ. ಡಬ್ಬಿ ನಮಗಿಂತ ಅರ್ಧ ಗಂಟೆ ಮುಂದಿನ ಚಂದ್ರನನ್ನು ಲೆಕ್ಕ ಹಾಕುತ್ತದೆ. ಅಷ್ಟರಲ್ಲಿ ಅವನು ಸ್ವಲ್ಪ ಪೂರ್ವಕ್ಕೆ ಜರುಗಿರುತ್ತಾನೆ, ಹಾಗಾಗಿ ಅದರ ಲೆಕ್ಕದಲ್ಲಿ ಒಂದು ನಿಮಿಷ ತಡ. ನಮ್ಮವರ ಉಪಾಯದಲ್ಲಿ ಉಳಿದುಕೊಂಡ ಸಣ್ಣ ತಪ್ಪು ಅದು. ಊರನ್ನು ಕಾಲು ಡಿಗ್ರಿಯಷ್ಟು ಪೂರ್ವಕ್ಕೆ ಸರಿಸಿದರೆ ಅದೂ ಸರಿಹೋಗುತ್ತದೆ, ಎರಡು ನಿಮಿಷದ ಕೆಲಸ. ಊರಿನ ಪುಟ ತೆರೆದೆ, ಎಪ್ಪತ್ತೊಂದರ ಮುಂದೆ ಕರ್ಸರ್ ಮಿನುಗುತ್ತಿತ್ತು. ಆ ಪುಟವನ್ನು ಹಾಗೇ ಮುಚ್ಚಿದೆ. ಅವರ ಚೀಟಿಯನ್ನು ಪರದೆಯ ಮೇಲಂಚಿಗೆ ಅಂಟಿಸಿ, ಅದರ ಕೆಳಗೆ ಕಾರ್ಖಾನೆಯ ರೀತಿಯಲ್ಲೇ ನನ್ನದೊಂದು ಚೀಟಿ ಬರೆದು ಅಂಟಿಸಿದೆ. "ಚಂದ್ರ ಒಂದು ನಿಮಿಷ ಮುಂಚೆ ಬರುತ್ತಾನೆ. ಕೇಳಿದ್ದೇನೆ. ತಿದ್ದಿಲ್ಲ."